ಬ್ರಸೆಲ್ಸ್‌ನ ಬ್ವಾಫೋರ್ ಕಡೆ ಮನೆ ಮಾಡಬಹುದಾ? ಇದ್ದವರು ಹೇಳಿ

ಕೇಳಿದ್ದು: ನಮ್ಮ ಯಜಮಾನರಿಗೆ ಬ್ರಸೆಲ್ಸ್‌ಗೆ ವರ್ಗವಾಗಿದೆ. ಮಗಳಿಗೆ ಆರು ವರ್ಷ, ಮಗನಿಗೆ ಮೂರು. ವಾಟರ್ಮಾಲ್-ಬ್ವಾಫೋರ್ ಶಾಂತವಾದ ಜಾಗ, ಅಲ್ಲೇ ಮನೆ ನೋಡಿ ಅಂತ ಆಫೀಸಿನವರು ಹೇಳುತ್ತಿದ್ದಾರೆ. ಫ್ರೆಂಚೂ ಬರುವುದಿಲ್ಲ, ಡಚ್ಚೂ ಬರುವುದಿಲ್ಲ. ಏನೇನು ನೋಡಿಕೊಳ್ಳಬೇಕು?

ಇಬ್ಬರು ಮಕ್ಕಳ ತಾಯಿ, ಅಲ್ಲೇ ವಾಸ:
ಶಾಂತ ಅನ್ನುವುದರಲ್ಲಿ ಅನುಮಾನವೇ ಬೇಡ. ಊರಿನ ಅರ್ಧಕ್ಕಿಂತ ಜಾಸ್ತಿ ಜಾಗ ಸೋನಿಯನ್ ಕಾಡಿಗೇ ಸೇರಿದ್ದು. ಬೀಚ್ ಜಾತಿಯ ಎತ್ತರದ ಮರಗಳು, ಮಕ್ಕಳ ಸೈಕಲ್‌ಗೆ ಒಳ್ಳೆಯ ದಾರಿ. ಭಾನುವಾರ ಹುಲ್ಲು ಕತ್ತರಿಸುವ ಮಿಷನ್ ಓಡಿಸುವಂತಿಲ್ಲ, ಅಷ್ಟು ಕಟ್ಟುನಿಟ್ಟು!

ಆದರೆ ಮನೆಗಿಂತ ಮೊದಲು ಶಾಲೆ ಯೋಚಿಸಿ. ಊರು ಎರಡು ಭಾಷೆಯದು, ಬೀದಿ ಫಲಕವೂ ಎರಡರಲ್ಲಿ. ಸರ್ಕಾರಿ ದುಡ್ಡಿನ ಶಾಲೆ ಮಾತ್ರ ಒಂದೋ ಫ್ರೆಂಚ್ ಕಡೆಯದು, ಇಲ್ಲವೇ ಡಚ್ ಕಡೆಯದು. 2022ರಿಂದ ರಜೆಗಳೂ ಬೇರೆ ಬೇರೆ. ಫ್ರೆಂಚ್ ಕಡೆ ಸುಮಾರು ಏಳು ವಾರ ಪಾಠ, ಎರಡು ವಾರ ರಜೆ. ಆಗಸ್ಟ್ ಕೊನೆಯಲ್ಲೇ ಶಾಲೆ ಶುರು. ಡಚ್ ಕಡೆ ಹಳೆಯ ಪದ್ಧತಿಯೇ, ಸೆಪ್ಟೆಂಬರ್ 1ರಿಂದ. ಅಕ್ಕನನ್ನು ಒಂದು ಕಡೆ, ತಮ್ಮನನ್ನು ಇನ್ನೊಂದು ಕಡೆ ಸೇರಿಸಿದರೆ ಒಬ್ಬರಿಗೆ ರಜೆ ಇದ್ದಾಗ ಇನ್ನೊಬ್ಬರಿಗೆ ಟಿಫಿನ್ ಡಬ್ಬಿ ಕಟ್ಟಬೇಕು. ಊರಿಗೆ ಟಿಕೆಟ್ ಬುಕ್ ಮಾಡುವಾಗ ತಲೆ ಕೆಡುತ್ತದೆ. ಬುಧವಾರ ಮಧ್ಯಾಹ್ನ ಎರಡೂ ಕಡೆ ಶಾಲೆ ಇರುವುದಿಲ್ಲ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಡಚ್ ಶಾಲೆಗಳಲ್ಲಿ ಮನೆಯಲ್ಲಿ ಡಚ್ ಮಾತಾಡುವ ಮಕ್ಕಳಿಗೆ ಆದ್ಯತೆ. ತಿಂಗಳುಗಟ್ಟಲೆ ಮುಂಚೆ ಹೆಸರು ಕೊಡಬೇಕು. ಅಂಗಡಿ, ಟ್ರಾಮು, ಪಕ್ಕದ ಮನೆ ಎಲ್ಲ ಕಡೆ ಕೇಳುವುದು ಫ್ರೆಂಚೇ, ಹಾಗಾಗಿ ನನ್ನ ಮತ ಫ್ರೆಂಚ್‌ಗೆ. ಮಗನನ್ನು ಈಗಲೇ ಸೇರಿಸಿ. ಇಲ್ಲಿ ಎರಡೂವರೆ ವರ್ಷಕ್ಕೇ ಶಿಶುವಿಹಾರಕ್ಕೆ ತೆಗೆದುಕೊಳ್ಳುತ್ತಾರೆ.

ಬಾಡಿಗೆ ಮನೆಯ ಬಗ್ಗೆ, ಇನ್ನೊಬ್ಬರು:
ಕರಾರಿನಲ್ಲಿ ಒಂಬತ್ತು ವರ್ಷ ಅಂತ ಕಂಡು ಗಾಬರಿಯಾಗಬೇಡಿ, ಅದೇ ಇಲ್ಲಿನ ರೂಢಿ. ಮೂರು ತಿಂಗಳ ನೋಟಿಸ್ ಕೊಟ್ಟು ಯಾವಾಗ ಬೇಕಾದರೂ ಬಿಡಬಹುದು. ಮೊದಲ ವರ್ಷದಲ್ಲೇ ಬಿಟ್ಟರೆ ಮೂರು ತಿಂಗಳ ಬಾಡಿಗೆ ದಂಡ, ಎರಡನೇ ವರ್ಷ ಎರಡು, ಮೂರನೇ ವರ್ಷ ಒಂದು. ಒಳಗೆ ಕಾಲಿಡುವ ಮೊದಲು ಗೋಡೆಯ ಗೀರಿನಿಂದ ಹಿಡಿದು ನಲ್ಲಿಯ ಸುಣ್ಣದ ಕಲೆಯವರೆಗೆ ಎಲ್ಲ ಬರೆಸಿ, ಫೋಟೋ ತೆಗೆದಿಡಿ. ಬಿಡುವಾಗ ಮನೆ ಮಾಲೀಕರು ಅದೇ ಕಾಗದ ಹಿಡಿದುಕೊಂಡು ಬರುತ್ತಾರೆ.

ಲೊಜಿ, ಫ್ಲೊರೆಯಾಲ್ ಅನ್ನುವ 1920ರ ದಶಕದ ಬಡಾವಣೆಗಳ ಫೋಟೋ ನೋಡಿರುತ್ತೀರಿ. ಒಂದರಲ್ಲಿ ಹಸಿರು ಕಿಟಕಿ, ಇನ್ನೊಂದರಲ್ಲಿ ಹಳದಿ, ವಸಂತದಲ್ಲಿ ಚೆರ್ರಿ ಹೂವು. ಚಂದವೇನೋ ಹೌದು, ಆದರೆ ಅವು ಕಡಿಮೆ ಆದಾಯದವರಿಗಾಗಿ ಇರುವ ಮನೆಗಳು. ಏಜೆಂಟ್ ಹತ್ತಿರ ಕೇಳಿ ಪ್ರಯೋಜನವಿಲ್ಲ.

ಕಾಗದಪತ್ರದ ಬಗ್ಗೆ, ಮೂರನೆಯವರು:
ಮೇಡಂ, ಬಂದ ತಕ್ಷಣ ಕಮ್ಯೂನ್‌ನಲ್ಲಿ ಹೆಸರು ನೋಂದಾಯಿಸಿ. ಅದು ನಮ್ಮ ಪುರಸಭೆ ಇದ್ದ ಹಾಗೆ. ಆಮೇಲೆ ನೀವು ನಿಜವಾಗಿ ಅಲ್ಲಿದ್ದೀರಾ ಅಂತ ನೋಡಲು ಪೊಲೀಸರು ಮನೆಗೆ ಬರುತ್ತಾರೆ. ಹೆದರಬೇಡಿ, ಎಲ್ಲರ ಮನೆಗೂ ಬರುತ್ತಾರೆ. ಗಂಟೆಯ ಗುಂಡಿ ಪಕ್ಕ, ಅಂಚೆ ಪೆಟ್ಟಿಗೆ ಮೇಲೆ ಇಬ್ಬರ ಹೆಸರೂ ಅಂಟಿಸಿರಿ. ಅದಿಲ್ಲದೆ ಕೆಲಸ ಮುಂದಕ್ಕೆ ಹೋಗುವುದಿಲ್ಲ.

ಮಕ್ಕಳಿಲ್ಲದ ಒಬ್ಬರು:
ನಾನು ಬಿಟ್ಟು ಬಂದೆ. ಸಂಜೆಯಾದರೆ ಬೀದಿಯಲ್ಲಿ ನರಪಿಳ್ಳೆ ಇಲ್ಲ. ಭಾನುವಾರ ಬೆಳಿಗ್ಗೆ ಸಂತೆ ಇರುತ್ತದೆ, ಅದೊಂದು ಖುಷಿ. ಆಫೀಸು ಯುರೋಪಿಯನ್ ಒಕ್ಕೂಟದ ಕಚೇರಿಗಳಿರುವ ಶುಮನ್ ಹತ್ತಿರವಾದರೆ ಬ್ವಾಫೋರ್ ಸ್ಟೇಷನ್ನಿನಿಂದ ರೈಲೇ ಸುಲಭ. ಅಂಗಡಿ ಬೀದಿಗಳಿರುವ ಲೂಯಿಜ್ ಕಡೆಗಾದರೆ 8ನೇ ನಂಬರ್ ಟ್ರಾಮ್.

ಮತ್ತೆ ಮೊದಲನೆಯವರು:
ಒಂದು ಮಾತು ಬಿಟ್ಟುಹೋಯಿತು. ಬಾಡಿಗೆ ಹೊಂದದಿದ್ದರೆ ಏಜೆಂಟರು ಕ್ರೈನೆಮ್, ವೆಜೆಂಬೇಕ್ ಕಡೆ ಮನೆ ತೋರಿಸಬಹುದು. ಅದು ಬ್ರಸೆಲ್ಸ್ ಗಡಿ ದಾಟಿ ಫ್ಲಾಂಡರ್ಸ್‌ಗೆ ಸೇರಿದ್ದು. ಅಲ್ಲಿ ಆಡಳಿತ ಡಚ್‌ನಲ್ಲಿ, ಫ್ರೆಂಚ್ ಬೇಕೆಂದರೆ ನೀವಾಗಿ ಕೇಳಬೇಕು. ಸಹಿ ಹಾಕುವ ಮೊದಲು ವಿಳಾಸ ಯಾವ ಕಮ್ಯೂನ್‌ಗೆ ಸೇರುತ್ತದೆ ಅಂತ ವಿಚಾರಿಸಿ. ಯಜಮಾನರ ಆಫೀಸು ಯಾವ ಕಡೆ ಅಂತ ಹೇಳಿದರೆ ಬೀದಿ ಸಮೇತ ಹೇಳುತ್ತೇನೆ.