ಅಪ್‌ಡೇಟ್: ಅಮ್ಮ ಕುರ್ಚಿ ಬಿಟ್ಟು ಎದ್ದರು

ಬಾತ್‌ರೂಮಿನಲ್ಲಿ ಜಾರಿ ಬಿದ್ದ ಮೇಲೆ ಅಮ್ಮ ನಡೆಯುವುದನ್ನೇ ಬಿಟ್ಟಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೆ. ಆರು ವಾರ ಆಯ್ತು. ಮೂಳೆಗೇನೂ ಆಗಿರಲಿಲ್ಲ, ಹೆದರಿಕೆಯೇ ಜಾಸ್ತಿ. ಕೂತಷ್ಟೂ ಕಾಲಿನ ಬಲ ಕುಗ್ಗುತ್ತೆ, ಬೀಳುವ ಅಪಾಯ ಹೆಚ್ಚುತ್ತೆ ಅಂತ ಫಿಸಿಯೋಥೆರಪಿಸ್ಟ್ ಬಿಡಿಸಿ ಹೇಳಿದರು. ಶುರು ಮಾಡಿದ್ದು ಕುರ್ಚಿಯಿಂದಲೇ. ಪಾದ ಹಿಂದಕ್ಕೆಳೆದು, ಮುಂದಕ್ಕೆ ಬಾಗಿ ಏಳುವುದು, ನಿಧಾನಕ್ಕೆ ಕೂರುವುದು. ಮೊದಲ ದಿನ 3 ಸಲ, ಈಗ 10.

ತಪ್ಪು ನನ್ನದೂ ಇತ್ತು. ಹೆಜ್ಜೆಗೊಮ್ಮೆ ‘ಹುಷಾರು’ ಅಂತ ತೋಳು ಹಿಡಿಯುತ್ತಿದ್ದೆ. ಅದರಿಂದ ಅವರ ಭಯ ಇನ್ನೂ ಏರುತ್ತೆ, ಅಲ್ವಾ? ಈಗ ಸುಮ್ನೆ ಪಕ್ಕದಲ್ಲಿ ನಡೆಯುತ್ತೇನೆ.

ನೆಲದಿಂದ ಏಳುವುದನ್ನೂ ಕಲಿಸಿದರು: ಪಕ್ಕಕ್ಕೆ ಹೊರಳಿ, ಮಂಡಿಯೂರಿ, ಕುರ್ಚಿ ಹಿಡಿದು. ಅವತ್ತು ಅಮ್ಮ ನಕ್ಕರು. ಬಾತ್‌ರೂಮಿಗೆ ಹೋಗುವಾಗ ಮಾತ್ರ ಇನ್ನೂ ನನ್ನನ್ನು ಬಾಗಿಲ ಹೊರಗೆ ನಿಲ್ಲಿಸುತ್ತಾರೆ.