ನಿರ್ಬಂಧ: ಹಾಕಬಾರದೋ, ಹಾಕಲೇಬೇಕೋ?

ಗೆಳೆಯರೇ, ಕಾಸರಗೋಡಿನಿಂದ ಒಂದು ಪದದ ತಕರಾರು.

ನಮ್ಮೂರಿನ ವಾಚನಾಲಯದಲ್ಲಿ ಮಕ್ಕಳ ಚರ್ಚಾಸ್ಪರ್ಧೆ ಇತ್ತು. ವಿಷಯದ ಚೀಟಿ ಬರೆದವನು ನಾನೇ: ‘ಧಾರ್ಮಿಕ ಉಡುಪಿಗೆ ಸರಕಾರದ ನಿರ್ಬಂಧ ಬೇಕೇ?’ ಮೊದಲು ಎದ್ದ ಹುಡುಗ ಫ್ರಾನ್ಸನ್ನು ಹಿಡಿದ. 2004ರ ಕಾನೂನು, ಸರಕಾರಿ ಶಾಲೆಯಲ್ಲಿ ತಲೆವಸ್ತ್ರ, ಸಿಖ್ಖರ ಪೇಟ, ದೊಡ್ಡ ಶಿಲುಬೆ ಯಾವುದೂ ಕೂಡದು. ಇಂಥ ನಿರ್ಬಂಧ ಬೇಡ ಅಂದ. ಆಮೇಲೆ ಬಂದವಳು ಮನೆಯಲ್ಲಿ ಮಲಯಾಳ ಆಡುವ, ಕನ್ನಡ ಮೀಡಿಯಂನಲ್ಲಿ ಕಲಿಯುವ ಹುಡುಗಿ. ಅವಳೂ ನಿರ್ಬಂಧ ಬೇಡ ಅಂದಳು. ಆದರೆ ಹೇಳಿದ್ದು ಇರಾನಿನ ಕತೆ, ತಲೆ ಮುಚ್ಚದಿದ್ದರೆ ಶಿಕ್ಷೆ ಅನ್ನುವ 1983ರ ಕಾನೂನು. ‘ತಟ್ಟಂ ಹಾಕಲೇಬೇಕು ಅಂತ ಹೇಳ್ಲಿಕ್ಕೆ ಸರಕಾರ ಯಾರು?’ ಅಂತ ಮೇಜು ಕುಟ್ಟಿದಳು (ತಟ್ಟಂ ಅಂದರೆ ಮಲಯಾಳದಲ್ಲಿ ತಲೆವಸ್ತ್ರ). ಅಂಕ ಹಾಕುವವರು ಪೆನ್ನು ಹಿಡಿದು ನನ್ನ ಮುಖ ನೋಡಿದರು.

ತಪ್ಪು ಅವಳದ್ದಲ್ಲ. ಮಲಯಾಳದಲ್ಲಿ ‘ಹೆಲ್ಮೆಟ್ ನಿರ್ಬಂಧಂ’ ಅಂದರೆ ಹೆಲ್ಮೆಟ್ ಕಡ್ಡಾಯ. ಸಂಸ್ಕೃತದಲ್ಲೂ ಈ ಪದಕ್ಕೆ ಹಟ, ಒತ್ತಾಯ ಅನ್ನುವ ಅರ್ಥ ಇದೆ. ಹಾಗೆ ನೋಡಿದರೆ ದಾರಿ ಬಿಟ್ಟವರು ನಾವೇ! ಇರಾನಿಗಂತೂ ಎರಡೂ ಅರ್ಥ ಒಪ್ಪುತ್ತದೆ. 1936ರಲ್ಲಿ ಅಲ್ಲಿನ ದೊರೆ ರೆಜಾ ಶಾ ಪರದೆ ತೆಗೆಸಿದ್ದು ಕನ್ನಡದ ನಿರ್ಬಂಧ, ಕ್ರಾಂತಿಯ ನಂತರ ಹಾಕಿಸಿದ್ದು ಮಲಯಾಳದ್ದು.

‘ನಿಷೇಧ’ ಅನ್ನೋಣವೆಂದರೆ ಮಲಯಾಳದ ‘ನಿಷೇಧಂ’ ಅಂದರೆ ಅಲ್ಲಗಳೆಯುವುದು. ಬ್ಯಾನ್‌ಗೆ ಅವರದು ‘ನಿರೋಧನಂ’. ಅದನ್ನು ಕನ್ನಡಕ್ಕೆ ತಂದರೆ ಹಿಂದಿನ ಬೆಂಚಿನವರು ಯಾಕೆ ನಗುತ್ತಾರೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಮೇಲಾಗಿ ನಿಷೇಧ ಸ್ವಲ್ಪ ಜಾಸ್ತಿಯೇ ಆಯಿತು. ಫ್ರಾನ್ಸಿನ ಆ ಕಾನೂನು ತಡೆಯುವುದು ಎದ್ದು ಕಾಣುವ ಗುರುತನ್ನು ಮಾತ್ರ, ಕುತ್ತಿಗೆಯ ಸಣ್ಣ ಶಿಲುಬೆಗೆ ಅಡ್ಡಿಯಿಲ್ಲ.

ನನಗೆ ತೋಚಿದ್ದು ಇಷ್ಟು: ‘ಹಾಕಬಾರದು ಅಂತ ಸರಕಾರ ಹೇಳಬಹುದೇ?’ ಉದ್ದ ಆಯಿತು, ಬ್ಯಾನರಿನಲ್ಲಿ ಹಿಡಿಸಲಿಕ್ಕಿಲ್ಲ. ಆದರೆ ಯಾರು ಯಾರಿಗೆ ಹೇಳುತ್ತಿದ್ದಾರೆ ಅನ್ನುವುದು ಅಡಗಿಕೊಳ್ಳುವುದಿಲ್ಲ.

ಅಕ್ಕಲಕೋಟೆ ಕಡೆಯವರಿಗೆ ಈ ತೊಂದರೆ ಇರಲಿಕ್ಕಿಲ್ಲ, ಮರಾಠಿಯ ‘ನಿರ್ಬಂಧ’ ನಮ್ಮದರ ಹಾಗೆಯೇ. ಹೊಸೂರಿನವರೇ, ತಮಿಳಿನಲ್ಲೂ ಅದು ಒತ್ತಾಯವೇ ತಾನೆ? ನಿಮ್ಮ ಮಕ್ಕಳ ಕನ್ನಡದಲ್ಲಿ ಯಾವ ಕಡೆ ವಾಲುತ್ತದೆ? ಆದೋನಿಯವರದು ಇನ್ನೂ ಗೋಜಲು: ತೆಲುಗಿನಲ್ಲಿ ‘ನಿರ್ಬಂಧ ವಿದ್ಯ’ ಅಂದರೆ ಕಡ್ಡಾಯ ಶಿಕ್ಷಣ, ‘ಗೃಹ ನಿರ್ಬಂಧಂ’ ಅಂದರೆ ಮನೆಯೊಳಗೆ ಕೂಡಿಹಾಕುವುದು. ನೀವೆಲ್ಲ ಚೀಟಿಯಲ್ಲಿ ಏನು ಬರೆಯುತ್ತೀರಿ?