ಸಿಬಿಲ್ 640, ರಿಪೋರ್ಟ್‌ನಲ್ಲಿ 'ಸೆಟಲ್ಡ್' ಅಂತ ಇದೆ. ಹೋಮ್ ಲೋನ್ ಸಿಗುತ್ತಾ?

ಬಾಡಿಗೆಮನೆ_ಸಾಕು:

ಎಲ್ಲರಿಗೂ ನಮಸ್ಕಾರ. 2020ರ ಲಾಕ್‌ಡೌನ್ ಹೊತ್ತಲ್ಲಿ ಕೆಲಸ ಹೋಯಿತು. ಕ್ರೆಡಿಟ್ ಕಾರ್ಡ್ ಬಾಕಿ ಬಡ್ಡಿ ಸೇರಿ 1.40 ಲಕ್ಷಕ್ಕೆ ಏರಿತ್ತು. ಮರುವರ್ಷ ರಿಕವರಿಯವರು "ಒಂದೇ ಸಲ 80 ಸಾವಿರ ಕಟ್ಟಿಬಿಡಿ ಸರ್, ಫೈಲ್ ಕ್ಲೋಸ್" ಅಂದರು. ಅಲ್ಲಿ ಇಲ್ಲಿ ಹೊಂದಿಸಿ ಕಟ್ಟಿದೆ. ಲೆಟರ್ ಕೂಡ ಇದೆ. ಆಮೇಲೆ ಅದರ ಸುದ್ದಿಯೇ ಇರಲಿಲ್ಲ.

ಈಗ 48 ಲಕ್ಷದ ಫ್ಲ್ಯಾಟ್ ನೋಡಿದ್ದೇವೆ, 36 ಲಕ್ಷ ಸಾಲ ಬೇಕು. ಅರ್ಜಿ ಹಾಕಿದರೆ ರಿಜೆಕ್ಟ್. ಸಾಲದ ದಾಖಲೆ ಇಡುವ ಸಿಬಿಲ್ ಕಂಪನಿ ಕೊಡುವ ಸ್ಕೋರ್ 640, ರಿಪೋರ್ಟ್‌ನಲ್ಲಿ ಆ ಕಾರ್ಡಿನ ಮುಂದೆ 'ಸೆಟಲ್ಡ್' ಅಂತ, ಅಂದರೆ ಪೂರ್ತಿ ಕಟ್ಟದೆ ಮುಗಿಸಿದ್ದು ಅಂತ ಇದೆ. ನನಗೆ ಕೈಗೆ 62 ಸಾವಿರ ಬರುತ್ತದೆ, ಹೆಂಡತಿಗೆ 34 ಸಾವಿರ. ಬೈಕಿನ ಇಎಂಐ 4 ಸಾವಿರ ಬಿಟ್ಟರೆ ಬೇರೆ ಸಾಲ ಇಲ್ಲ. ಅವಳ ಸ್ಕೋರ್ 770.

ಹೆಂಡತಿ ಹೆಸರಲ್ಲೇ ಹಾಕು ಅಂತಾರೆ ಒಬ್ಬರು. ಇನ್ನೂ ನಾಲ್ಕು ಕಡೆ ಟ್ರೈ ಮಾಡು, ಎಲ್ಲಾದರೂ ಆಗುತ್ತೆ ಅಂತಾರೆ ಇನ್ನೊಬ್ಬರು. ಒಬ್ಬ ಏಜೆಂಟ್ ಅಂತೂ 25 ಸಾವಿರ ಕೊಟ್ಟರೆ ಆ 'ಸೆಟಲ್ಡ್' ಅನ್ನೋದನ್ನೇ ತೆಗೆಸಿ ಕೊಡ್ತೀನಿ ಅಂತಾನೆ. ಏನು ಮಾಡಲಿ?

ಕೆಂಪುಶಾಯಿ:

ಬ್ಯಾಂಕಿನ ಲೋನ್ ಸೆಕ್ಷನ್‌ನಲ್ಲಿ ಬಹಳ ವರ್ಷ ಕೂತಿದ್ದೆ, ಈಗ ನಿವೃತ್ತ. ಮೊದಲು ಆ ಏಜೆಂಟ್ ನಂಬರ್ ಬ್ಲಾಕ್ ಮಾಡಿ. ರಿಪೋರ್ಟ್‌ನಲ್ಲಿರುವುದು ನಿಜವೇ ಆಗಿದ್ದರೆ ಅದನ್ನು ತೆಗೆಸುವುದು ಯಾವ ಏಜೆಂಟನ ಕೈಯಲ್ಲೂ ಇಲ್ಲ. ಸಿಬಿಲ್‌ನವರೂ ತಾವಾಗಿ ತಿದ್ದುವುದಿಲ್ಲ. ಸಾಲ ಕೊಟ್ಟ ಬ್ಯಾಂಕ್ ಏನು ಕಳಿಸುತ್ತೋ ಅದನ್ನೇ ತೋರಿಸುತ್ತಾರೆ. ತಪ್ಪಿದ್ದರೆ ತಿದ್ದಿಸೋದಕ್ಕೆ ದುಡ್ಡೂ ಕೊಡಬೇಕಿಲ್ಲ.

ಎಲ್ಲರೂ ಆ ಮೂರಂಕಿಯ ಹಿಂದೆ ಬೀಳುತ್ತಾರೆ. ನಾನು ಸ್ಕೋರ್ ನೋಡಿ ಪುಟ ತಿರುಗಿಸುತ್ತಿದ್ದೆ. ಮುಂದೆ ಒಂದೊಂದು ಸಾಲಕ್ಕೂ ತಿಂಗಳುವಾರು ಚೌಕಗಳ ಸಾಲೇ ಇರುತ್ತದೆ. 000 ಇದ್ದರೆ ಆ ತಿಂಗಳು ಬಾಕಿ ಇಲ್ಲ. 030, 060 ಇದ್ದರೆ ಅಷ್ಟು ದಿನ ತಡ. 90 ದಾಟಿದರೆ ಎನ್‌ಪಿಎ, ಅಂದರೆ ಕೆಟ್ಟ ಸಾಲದ ಲೆಕ್ಕ. ತಡ ಮಾಡಿದವರಿಗೂ ಸಾಲ ಮಂಜೂರು ಮಾಡಿದ್ದೇನೆ, ಕಾರಣ ಸರಿಯಾಗಿದ್ದರೆ. 'ಸೆಟಲ್ಡ್' ಕಂಡರೆ ಮಾತ್ರ ಪೆನ್ನು ನಿಲ್ಲುತ್ತಿತ್ತು. ಆ ಬ್ಯಾಂಕ್ 60 ಸಾವಿರ ಕೈಬಿಟ್ಟಿದೆ, ನಾಳೆ ನಮಗೂ ಹಾಗೇ ಆದರೆ? ಲಾಕ್‌ಡೌನ್ ಅನ್ನೋದು ನಿಮ್ಮ ಪರವಾಗಿ ಹೇಳಬಹುದಾದ ಮಾತೇ. ಆದರೆ ಫೈಲ್‌ನಲ್ಲಿ ಅದಕ್ಕೆ ಕಾಲಂ ಇಲ್ಲ.

ಹಾಗಾಗಿ ಮೊದಲು ಆ 'ಸೆಟಲ್ಡ್' ಅನ್ನೋದನ್ನು ಸರಿ ಮಾಡಿ. ಕಾರ್ಡ್ ಕೊಟ್ಟ ಬ್ಯಾಂಕಿಗೆ ಬರೆದು ಕೇಳಿ: ಉಳಿಕೆ ಎಷ್ಟು, ಅದನ್ನು ಕಟ್ಟಿದರೆ 'ಕ್ಲೋಸ್ಡ್' (ಪೂರ್ತಿ ತೀರಿದೆ) ಅಂತ ವರದಿ ಮಾಡುತ್ತೀರಾ? ಹೌದು ಅಂತ ಇಮೇಲ್‌ನಲ್ಲಿ ಬರುವ ತನಕ ಒಂದು ರೂಪಾಯಿಯನ್ನೂ ಕಟ್ಟಬೇಡಿ. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ, ಅದು ನಿಮಗೇ ಗೊತ್ತಲ್ವಾ. ಕಟ್ಟಿದ ಮೇಲೆ ನೋ ಡ್ಯೂಸ್ ಸರ್ಟಿಫಿಕೇಟ್, ಅಂದರೆ ಬಾಕಿ ಏನೂ ಇಲ್ಲ ಅನ್ನುವ ಪತ್ರ ಕೈಗೆ ಬರಬೇಕು. ಹಳೇ ಚೌಕಗಳು ಇದರಿಂದ ಅಳಿಸಿ ಹೋಗಲ್ಲ, ಸ್ಕೋರ್ ಮರುದಿನವೇ ನೆಗೆಯುವುದೂ ಇಲ್ಲ. ಆದರೆ ಫೈಲ್ ನೋಡುವವನ ಪ್ರಶ್ನೆ ಬದಲಾಗುತ್ತದೆ.

ನಾಲ್ಕು ಕಡೆ ಟ್ರೈ ಮಾಡೋದು ಬೇಡ. ನೀವು ಅರ್ಜಿ ಹಾಕಿದಾಗಲೆಲ್ಲ ಬ್ಯಾಂಕ್ ರಿಪೋರ್ಟ್ ತೆಗೆಸುತ್ತದೆ, ಅದೂ ದಾಖಲಾಗುತ್ತದೆ. ನಿಮ್ಮ ರಿಪೋರ್ಟ್ ನೀವೇ ನೋಡಿಕೊಂಡರೆ ಸ್ಕೋರ್ ಇಳಿಯಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಸಾಲದ ದಾಖಲೆ ಇಡುವ ಈ ನಾಲ್ಕು ಕಂಪನಿಗಳೂ ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಲೇಬೇಕು. ನಾಲ್ಕನ್ನೂ ತೆಗೆದು ನೋಡಿ. ಒಂದರಲ್ಲಿ ಸರಿಯಾಗಿ ಇನ್ನೊಂದರಲ್ಲಿ ಹಾಗೇ ಉಳಿದಿರುವುದು ಮಾಮೂಲಿ.

ಇನ್ನು ಹೆಂಡತಿಯ ವಿಷಯ. ಅವರೊಬ್ಬರೇ ಅಂದರೆ 34 ಸಾವಿರದಲ್ಲಿ ಅರ್ಧ, 17 ಸಾವಿರ ಇಎಂಐಗೆ ಅಂತ ಹಿಡಿಯೋಣ. 8.5% ಬಡ್ಡಿ, 20 ವರ್ಷಕ್ಕೆ ಲಕ್ಷಕ್ಕೆ 868 ರೂಪಾಯಿ ಇಎಂಐ. 19 ಲಕ್ಷ ಚಿಲ್ಲರೆ ಆಗುತ್ತದೆ, 36 ಆಗಲ್ಲ. ನಿಮ್ಮ ಸಂಬಳ ಸೇರಿಸಿದರೆ ನಿಮ್ಮ ರಿಪೋರ್ಟೂ ತೆರೆಯುತ್ತಾರೆ. ಕ್ರಯಪತ್ರದಲ್ಲಿ ನಿಮ್ಮ ಹೆಸರಿದ್ದರೆ ಸಾಲದಲ್ಲೂ ಸೇರಿ ಅಂತ ಕೇಳೇ ಕೇಳುತ್ತಾರೆ. 770 ಇರುವುದು ಒಳ್ಳೆಯದೇ, ಆದರೆ ಅದು ನಿಮ್ಮದನ್ನು ಮುಚ್ಚಿಡಲ್ಲ.

ಸ್ಕೂಟರ್_ಸವಾರಿ:

ಮೇಲಿನವರು ಹೇಳಿದ್ದನ್ನೇ ನಾನು ಮಾಡಿದ್ದೆ. ಉಳಿಕೆ ಕಟ್ಟಿದೆ, ಸರ್ಟಿಫಿಕೇಟೂ ಬಂತು, ರಿಪೋರ್ಟ್ ಮಾತ್ರ ಬದಲಾಗಲಿಲ್ಲ. ಬ್ಯಾಂಕಿಗೆ ಕೇಳಿದಾಗಲೆಲ್ಲ "ಅಪ್‌ಡೇಟ್ ಆಗುತ್ತೆ ಸರ್". ಕೊನೆಗೆ ಸಿಬಿಲ್ ವೆಬ್‌ಸೈಟ್‌ನಲ್ಲೇ ಡಿಸ್ಪ್ಯೂಟ್ (ಮಾಹಿತಿ ತಪ್ಪಿದೆ ಅನ್ನುವ ದೂರು) ಹಾಕಿದೆ. ಫೀಸ್ ಇಲ್ಲ. ಆರ್‌ಬಿಐ 2023ರಲ್ಲಿ ಒಂದು ನಿಯಮ ತಂದಿದೆ, 2024ರ ಏಪ್ರಿಲ್‌ನಿಂದ ಜಾರಿ: ದೂರು ಕೊಟ್ಟ 30 ದಿನದೊಳಗೆ ಸರಿ ಮಾಡದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ. ಆ 100 ರೂಪಾಯಿಯಿಂದ ಯಾರೂ ಉದ್ಧಾರ ಆಗಲ್ಲ. ಆದರೆ ಇಮೇಲ್‌ನಲ್ಲಿ ಆ ನಿಯಮ ಬರೆದ ಮೇಲೆ ನನಗೆ ಉತ್ತರ ಕೊಡುವವರ ಧಾಟಿಯೇ ಬದಲಾಯಿತು! ಅದಕ್ಕೂ ಬಗ್ಗದಿದ್ದರೆ ಇಂಥ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್ ಇದ್ದಾರೆ, ಸಹಾಯವಾಣಿ 14448.

ಮತ್ತೆ, 2025ರ ಜನವರಿಯಿಂದ ಬ್ಯಾಂಕುಗಳು ಕನಿಷ್ಠ 15 ದಿನಕ್ಕೊಮ್ಮೆಯಾದರೂ ಮಾಹಿತಿ ಕಳಿಸಬೇಕು. "ಮುಂದಿನ ತಿಂಗಳು ನೋಡೋಣ" ಅನ್ನೋ ಹಳೇ ನೆಪ ಈಗ ನಡೆಯಲ್ಲ.

ಮೂರನೇ_ಮಹಡಿ:

ಇಷ್ಟೆಲ್ಲ ಕಾಯೋದ್ಯಾಕೆ? ಹೌಸಿಂಗ್ ಫೈನಾನ್ಸ್ ಕಂಪನಿಗಳಲ್ಲಿ 640ಕ್ಕೂ ಕೊಡ್ತಾರೆ. ಈಗ ತಗೊಳ್ಳಿ, ಎರಡು ವರ್ಷ ಸರಿಯಾಗಿ ಕಟ್ಟಿ, ಆಮೇಲೆ ಬ್ಯಾಂಕಿಗೆ ಟ್ರಾನ್ಸ್‌ಫರ್ ಮಾಡಿ. ಫ್ಲೋಟಿಂಗ್ ರೇಟ್ (ಏರಿಳಿಯುವ ಬಡ್ಡಿ ದರ) ಆದರೆ ಮುಂಚೆ ತೀರಿಸಿದ್ದಕ್ಕೆ ದಂಡ ಹಾಕುವ ಹಾಗಿಲ್ಲ.

ಕೆಂಪುಶಾಯಿ:

ದಾರಿ ಇದೆ, ಇಲ್ಲ ಅನ್ನಲ್ಲ. ಆದರೆ 11% ಅಂತ ಇಟ್ಟುಕೊಂಡು ಲೆಕ್ಕ ಹಾಕಿ. 36 ಲಕ್ಷಕ್ಕೆ 8.5%ನಲ್ಲಿ ಇಎಂಐ 31 ಸಾವಿರ ಇದ್ದದ್ದು 37 ಸಾವಿರ ದಾಟುತ್ತದೆ. 60 ಸಾವಿರ ಉಳಿಸೋಕೆ ಹೋಗಿ ವರ್ಷಕ್ಕೆ 70 ಸಾವಿರ ಜಾಸ್ತಿ ಕಟ್ಟಿದ ಹಾಗಾಯ್ತು. ಟ್ರಾನ್ಸ್‌ಫರ್ ಮಾಡುವಾಗ ಆ ಬ್ಯಾಂಕೂ ಇದೇ ರಿಪೋರ್ಟ್ ನೋಡುತ್ತದೆ, 'ಸೆಟಲ್ಡ್' ಅಲ್ಲೇ ಕೂತಿರುತ್ತದೆ. ಜೊತೆಗೆ ಪ್ರೊಸೆಸಿಂಗ್, ಲೀಗಲ್ ಖರ್ಚು ಎರಡನೇ ಸಲ. ಮನೆ ಕೈತಪ್ಪುತ್ತೆ ಅನ್ನುವಂಥ ಅವಸರ ಇದ್ದರೆ ಮಾತ್ರ ಅದು.

ಬಾಡಿಗೆಮನೆ_ಸಾಕು:

ತುಂಬಾ ಥ್ಯಾಂಕ್ಸ್. ಬ್ಯಾಂಕಿಗೆ ಇಮೇಲ್ ಹಾಕಿದ್ದೇನೆ. ಒಂದೇ ಭಯ, ಫ್ಲ್ಯಾಟ್ ಓನರ್ ಈ ವಾರವೇ 2 ಲಕ್ಷ ಅಡ್ವಾನ್ಸ್ ಕೇಳ್ತಿದ್ದಾರೆ. ಡೌನ್ ಪೇಮೆಂಟ್‌ಗೆ ಅಂತ ಇಟ್ಟ ದುಡ್ಡಲ್ಲೇ ಆ 60 ಸಾವಿರವನ್ನೂ ಕಟ್ಟಬೇಕು.

ಕೆಂಪುಶಾಯಿ:

ಸಾಲ ಮಂಜೂರಾಗದಿದ್ದರೆ ಅಡ್ವಾನ್ಸ್ ಪೂರ್ತಿ ವಾಪಸ್ ಅಂತ ಅಗ್ರಿಮೆಂಟ್‌ನಲ್ಲಿ ಬರೆಸದೆ ಒಂದು ಪೈಸೆಯೂ ಕೊಡಬೇಡಿ. ಒಪ್ಪಲಿಲ್ಲವೋ, ಬೇರೆ ಫ್ಲ್ಯಾಟ್ ಸಿಗುತ್ತೆ ಬಿಡಿ. ಇನ್ನೊಂದು, 30 ಲಕ್ಷ ದಾಟಿದ ಸಾಲಕ್ಕೆ ಬೆಲೆಯ 80%ಗಿಂತ ಜಾಸ್ತಿ ಕೊಡುವ ಹಾಗಿಲ್ಲ, ನೀವು ಅದರ ಒಳಗೇ ಇದ್ದೀರಿ. ಆದರೆ ಆ ಬೆಲೆಗೆ ಸ್ಟ್ಯಾಂಪ್ ಡ್ಯೂಟಿ, ರಿಜಿಸ್ಟ್ರೇಷನ್ ಸೇರಿಸಲ್ಲ. ಆ ದುಡ್ಡನ್ನು 12 ಲಕ್ಷದ ಮೇಲೆ ಬೇರೆಯೇ ಎತ್ತಿಡಬೇಕು. ಇಟ್ಟಿದ್ದೀರಾ?